ಲೆಮ್‌ಹೈ ಕೋಟೆ

ಅಮೆರಿಕದ ಐಡಾಹೊ ರಾಜ್ಯದಲ್ಲಿ ಲೆಮ್‌ಹೈ ಎಂಬ ನದಿಯಿದೆ. ಅದೇ ಹೆಸರಿನ ಪರ್ವತಶ್ರೇಣಿಯೂ ಜಿಲ್ಲೆಯೂ ಉಂಟು. ಇವಕ್ಕೆಲ್ಲ ಹೆಸರಿತ್ತ ಕೋಟೆ ಮಾತ್ರ ಮೂರು ವರ್ಷವೂ ತುಂಬಿ ಬಾಳಲಿಲ್ಲ.

1855ರಲ್ಲಿ ಮಾರ್ಮನ್ ಪಂಥದ ಮುಖಂಡ ಬ್ರಿಗ್ಹಮ್ ಯಂಗನು ಯೂಟಾ ಪ್ರಾಂತ್ಯದಿಂದ 27 ಮಂದಿಯನ್ನು ಉತ್ತರಕ್ಕೆ ಕಳುಹಿಸಿದನು. ಶೊಶೋನಿ, ಬ್ಯಾನಕ್ ಮುಂತಾದ ಮೂಲನಿವಾಸಿಗಳಿಗೆ ತಮ್ಮ ಧರ್ಮವನ್ನೂ ಬೇಸಾಯವನ್ನೂ ಬೋಧಿಸುವುದು ಅವರಿಗೊಪ್ಪಿಸಿದ ಕಾರ್ಯ. ಅವರು ಮರದ ಕೋಟೆಯನ್ನೂ ಅದರ ಪಕ್ಕದಲ್ಲಿ ಮಣ್ಣುಗೋಡೆಯ ದನದ ದೊಡ್ಡಿಯನ್ನೂ ಕಟ್ಟಿದರು. ಕಾಲುವೆ ತೋಡಿ ಹೊಲಗಳಿಗೆ ನೀರು ಹಾಯಿಸಿದರು. ತಮ್ಮ ಧರ್ಮಗ್ರಂಥದಲ್ಲಿ ಬರುವ ಲಿಮ್‌ಹೈ ಎಂಬ ಅರಸನ ಹೆಸರನ್ನು ಕೋಟೆಗಿಟ್ಟರು. ಜನರ ನಾಲಗೆಯಲ್ಲಿ ಅದು ಲೆಮ್‌ಹೈ ಆಯಿತು. ಮಿಡತೆಗಳು ಬೆಳೆಯನ್ನು ತಿಂದುಹಾಕಿದರೂ ಅವರು ಎದೆಗುಂದಲಿಲ್ಲ.

ಮೂಲನಿವಾಸಿಗಳು ಮೊದಮೊದಲು ಸ್ನೇಹದಿಂದಲೇ ಇದ್ದರು. ಆದರೆ 1857ರಲ್ಲಿ ಇನ್ನಷ್ಟು ವಲಸೆಗಾರರು ಬಂದು ನೆಲೆಸತೊಡಗಿದಾಗ, ಬಂದವರು ಅತಿಥಿಗಳಲ್ಲವೆಂಬುದು ಸ್ಪಷ್ಟವಾಯಿತು. ಅಸಮಾಧಾನ ಹಗೆತನವಾಗಿ ಬೆಳೆದುದರಲ್ಲಿ ಆಶ್ಚರ್ಯವೇನು? 1858ರ ಫೆಬ್ರವರಿ 25ರಂದು ನಡೆದ ದಾಳಿಯಲ್ಲಿ ಇಬ್ಬರು ವಲಸೆಗಾರರು ಮಡಿದರು, ದನಗಳು ಕೈಬಿಟ್ಟುಹೋದವು. ಮಾರ್ಚ್ ತಿಂಗಳಲ್ಲಿ ಉಳಿದವರು ಕೋಟೆಯನ್ನು ತೊರೆದು ಯೂಟಾಕ್ಕೆ ಮರಳಿದರು.

ಅವರಿಗೆ ಮರಳಲು ಊರಿತ್ತು. ಆ ಕಣಿವೆಯ ಶೊಶೋನಿಗಳಿಗಾದರೋ ಅದೇ ಊರು. ಲೂಯಿಸ್ ಮತ್ತು ಕ್ಲಾರ್ಕರ ಶೋಧಯಾತ್ರೆಗೆ ನೆರವಾದ ಸಕಾಜವಿಯಾ ಹುಟ್ಟಿದ್ದು ಇವರಲ್ಲಿಯೇ. ಕೋಟೆ ಹೋದರೂ ಅದರ ಹೆಸರು ಇವರಿಗೆ ಅಂಟಿಕೊಂಡು, ಇವರು ಲೆಮ್‌ಹೈ ಶೊಶೋನಿಗಳೆನಿಸಿಕೊಂಡರು. 1907ರಲ್ಲಿ ಸರ್ಕಾರ ಇವರನ್ನು ದಕ್ಷಿಣದ ಫೋರ್ಟ್ ಹಾಲ್ ಮೀಸಲು ಪ್ರದೇಶಕ್ಕೆ ಸಾಗಿಸಿತು. ಟೆಂಡಾಯ್ ಎಂಬ ಹಳ್ಳಿಯ ಬಳಿ ಮಣ್ಣುಗೋಡೆಯ ಅವಶೇಷವು ಮಾತ್ರ ಉಳಿಯಿತು.