ದೇಹದ ಎಡಬಲಗಳು

“ಹುಡುಗನ ಕೈ ಮುರಿದಿದೆ” ಎಂಬ ಸುದ್ದಿ ಬಂದರೆ ಮನೆಯವರ ಗಾಬರಿಗೆ ಅಷ್ಟೇ ಸಾಕು, ವೈದ್ಯರಿಗೆ ಸಾಲದು. ನಮ್ಮ ಮಾತಿನಲ್ಲಿ ಭುಜದಿಂದ ಬೆರಳ ತುದಿಯವರೆಗೆ ಎಲ್ಲವೂ ಕೈಯೇ. ತೋಳು, ಮೊಣಕೈ, ಮುಂಗೈ, ಮಣಿಕಟ್ಟು, ಅಂಗೈ ಎಂಬ ಅಚ್ಚುಕಟ್ಟಾದ ಪದಗಳಿದ್ದೂ ನಾವು ಅವನ್ನು ಬಳಸುವುದು ಅಪೂರ್ವ. ಯೂರೋಪಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಹೆಸರುಗಳೇ ಅತಿಯಾಗಿದ್ದುವು. 1895ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ವಿದ್ವಾಂಸರು ಸುಮಾರು 50,000 ಹೆಸರುಗಳನ್ನು 5,000ದ ಆಸುಪಾಸಿಗೆ ಇಳಿಸಿದರು.

ಹೆಸರಾದ ಮೇಲೆ ದಿಕ್ಕು. ಮಲಗಿದವನಿಗೆ ‘ಮೇಲೆ’ ಯಾವುದು? ಇದಕ್ಕಾಗಿ ಅಂಗರಚನಾಶಾಸ್ತ್ರವು ಒಂದು ನಿಲುವನ್ನು ಗೊತ್ತುಮಾಡಿದೆ: ದೇಹವು ನೆಟ್ಟಗೆ ನಿಂತಿದೆ, ಕೈಗಳು ಇಳಿಬಿದ್ದಿವೆ, ಮುಖವೂ ಅಂಗೈಗಳೂ ಮುಂದಕ್ಕೆ ತಿರುಗಿವೆ. ಅಂಗೈಗಳನ್ನೇಕೆ ತಿರುಗಿಸಬೇಕು? ಹಾಗಿದ್ದಾಗಲೇ ಮುಂಗೈಯ ಎರಡು ಎಲುಬುಗಳು ಒಂದನ್ನೊಂದು ದಾಟದೆ ಸಮಾನಾಂತರವಾಗಿ ನಿಲ್ಲುವುವು. ಹೆಬ್ಬೆರಳು ಹೊರಮಗ್ಗುಲಿಗೆ ಬರುವುದು. ಶ್ರೋತೃಗಳು ಈಗಲೇ ಪರೀಕ್ಷಿಸಬಹುದು. ಇನ್ನು ರೋಗಿಯು ಬೋರಲಾಗಿ ಮಲಗಿದ್ದರೂ ತಲೆಯ ಕಡೆಯದೇ ‘ಮೇಲು’. ದೇಹದ ನಡುಗೆರೆಗೆ ಸಮೀಪವಾದುದೇ ‘ಒಳಮಗ್ಗುಲು’.

ಎಡಬಲಗಳಂತೂ ಯಾವಾಗಲೂ ರೋಗಿಯವು, ನೋಡುವವರವಲ್ಲ. ಎದುರಿಗೆ ನಿಂತವರ ಬಲಗಡೆಗೆ ರೋಗಿಯ ಎಡಗಡೆ ಬರುತ್ತದೆ. ಪುಸ್ತಕದ ಚಿತ್ರದಲ್ಲಿ ಗುಂಡಿಗೆಯು ಪುಟದ ಬಲಕ್ಕೆ ವಾಲಿರುವುದೂ ಇದರಿಂದಲೇ. ಇದೇನು ಬರಿಯ ಪಾಂಡಿತ್ಯದ ಮಾತೆ? 2000ದಲ್ಲಿ ವೇಲ್ಸ್ ಪ್ರಾಂತದಲ್ಲಿ ಒಬ್ಬ ರೋಗಿಯ ಕೆಟ್ಟ ಮೂತ್ರಪಿಂಡವನ್ನು ಉಳಿಸಿ, ಒಳ್ಳೆಯದನ್ನು ತೆಗೆದುಬಿಟ್ಟರು, ಆತನು ಬದುಕಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ, ರೋಗಿಯು ಎಚ್ಚರವಾಗಿರುವಾಗಲೇ, ಅವನನ್ನು ಕೇಳಿ ಮೈಮೇಲೆ ಶಾಯಿಯಿಂದ ಗುರುತು ಮಾಡುವುದು ಇಂತಹ ಅನರ್ಥವನ್ನು ತಪ್ಪಿಸುವುದಕ್ಕಾಗಿಯೇ.