ಆಯಿಲ್ ಸೀಲ್: ತುಟಿ ಎಣ್ಣೆಯ ಕಡೆಗಿರಲಿ

ಟಿಲ್ಲರಿನ ರೋಟರಿ ಬುಡದಲ್ಲಿ ಎಣ್ಣೆ ಒಸರಲು ಶುರುವಾದರೆ 'ಆಗಾಗ ಎಣ್ಣೆ ಹಾಕಿದ್ರಾಯ್ತು' ಅನ್ನುವವರೇ ಹೆಚ್ಚು. ನಷ್ಟ ಸೋರಿದ ಎಣ್ಣೆಯದ್ದಷ್ಟೇ ಅಲ್ಲ. ಎಣ್ಣೆ ಹೊರಬರುವ ದಾರಿಯಲ್ಲೇ ಗದ್ದೆಯ ಕೆಸರುನೀರು ಒಳಗೆ ಹೋಗುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಎಣ್ಣೆ ಹಾಲಿನ ಹಾಗೆ ಬೆಳ್ಳಗೆ ಬಂದರೆ ನೀರು ಸೇರಿದೆ ಎಂದೇ ತಿಳಿಯಿರಿ. ಆಮೇಲೆ ಹೋಗುವುದು ಬೇರಿಂಗು.

ಅಳತೆ

ಸೀಲಿನ ಮೇಲೆ 35-52-7 ಎಂಬಂತೆ ಅಂಕಿಗಳಿರುತ್ತವೆ. ಅಂದರೆ ಶಾಫ್ಟ್ 35 ಮಿ.ಮೀ., ಸೀಲ್ ಕೂರುವ ಗೂಡು 52, ದಪ್ಪ 7. ಅಂಗಡಿಗೆ ಹಳೆ ಸೀಲನ್ನೇ ಒಯ್ಯುವುದು ಒಳ್ಳೆಯದು. ರಬ್ಬರ್ ಗಟ್ಟಿಯಾದ, ಬಿರುಕು ಬಿಟ್ಟ ಹಳೆ ದಾಸ್ತಾನು ಬೇಡ.

ಬಿಚ್ಚುವಾಗ

ಹಳೆಯದು ಯಾವ ಕಡೆಗೆ ಮುಖ ಮಾಡಿತ್ತು, ಎಷ್ಟು ಆಳದಲ್ಲಿತ್ತು ಎಂದು ನೋಡಿಟ್ಟುಕೊಳ್ಳಿ. ಸ್ಕ್ರೂಡ್ರೈವರಿನಿಂದ ಮೀಟುವಾಗ ಗೂಡಿಗೂ ಶಾಫ್ಟಿಗೂ ಗೀರು ಬೀಳಬಾರದು. ಬಿಚ್ಚಿದ ಸೀಲನ್ನು ಮತ್ತೆ ಹಾಕಬೇಡಿ.

ಈಗ ಶಾಫ್ಟನ್ನು ಒರೆಸಿ, ಸೀಲ್ ಉಜ್ಜುವ ಜಾಗಕ್ಕೆ ಉಗುರು ಆಡಿಸಿ. ಸಣ್ಣ ತುಕ್ಕಾದರೆ ನಯವಾದ ಎಮರಿ ಕಾಗದ ಸಾಕು. ಅದನ್ನು ಶಾಫ್ಟಿನ ಸುತ್ತ ತಿರುಗಿಸಿ ಉಜ್ಜಬೇಕು, ಉದ್ದಕ್ಕೆ ಎಳೆಯಬಾರದು. ಉದ್ದ ಗೀರಾದರೆ ಅದೇ ಎಣ್ಣೆಗೆ ಕಾಲುವೆ! ಉಗುರು ಸಿಕ್ಕುವಷ್ಟು ಗುಳಿ ಇದ್ದರೆ, ಗೂಡಿನಲ್ಲಿ ಜಾಗವಿದ್ದಲ್ಲಿ, ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ ತುಟಿಗೆ ಹೊಸ ಜಾಗ ಕೊಡಬಹುದು. ಇಲ್ಲದಿದ್ದರೆ ಲೇತಿಗೆ ಕೊಟ್ಟು ಸ್ಲೀವ್ ಹಾಕಿಸಬೇಕಾದೀತು.

ಕೂರಿಸುವಾಗ

ಸಣ್ಣ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ. ಎರಡನೆಯ ತೆಳು ತುಟಿ ಇದ್ದರೆ ಅದು ಧೂಳು ತಡೆಯಲು, ಅದು ಹೊರಕ್ಕೆ. ಬಾಣದ ಗುರುತಿದ್ದರೆ ಶಾಫ್ಟ್ ತಿರುಗುವ ದಿಕ್ಕಿಗೆ ಹೊಂದಬೇಕು.

ತುಟಿಗೆ ಗ್ರೀಸ್ ಸವರಿ. ಒಣ ಸೀಲು ಮೊದಲ ಕೆಲವು ಸುತ್ತಿನಲ್ಲೇ ಸುಟ್ಟುಹೋಗುತ್ತದೆ. ಸ್ಪ್ರಿಂಗ್ ಇರುವ ಸಂದಿಗೂ ಸ್ವಲ್ಪ ಗ್ರೀಸ್ ತುಂಬಿದರೆ ಬಡಿಯುವಾಗ ಸ್ಪ್ರಿಂಗ್ ಹಾರುವುದಿಲ್ಲ. ಶಾಫ್ಟಿನಲ್ಲಿ ಕೀಲಿಗಾಡಿ ಅಥವಾ ಮರೆ ಇದ್ದರೆ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ಸೀಲನ್ನು ದಾಟಿಸಿ. ಇಲ್ಲವಾದರೆ ತುಟಿ ಕೊಯ್ದುಹೋದೀತು.

ಸುತ್ತಿಗೆಯಿಂದ ನೇರ ಹೊಡೆತ ಬೇಡವೇ ಬೇಡ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡನ್ನೋ ಹಳೆ ಬೇರಿಂಗಿನ ಹೊರಬಳೆಯನ್ನೋ ಇಟ್ಟು ಮೆಲ್ಲಗೆ, ಸಮನಾಗಿ ತಟ್ಟಿ. ಓರೆಯಾದರೆ ಒಂದೇ ಕಡೆ ಹೊಡೆದು ಸರಿಮಾಡದೆ ಹೊರತೆಗೆದು ನೋಡಿ. ಅಂಚು ನೆಗ್ಗಿದ್ದರೆ ಬೇರೆಯದೇ ಹಾಕಬೇಕು.

ಹೊಸದೂ ಸೋರಿದರೆ?

ಸೀಲನ್ನು ಬೈಯುವ ಮೊದಲು ಶಾಫ್ಟ್ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಸವೆದಿದೆ. ಎಷ್ಟು ಸೀಲ್ ಹಾಕಿದರೂ ನಿಲ್ಲದು. ಗೇರ್ ಬಾಕ್ಸಿಗೆ ಗಾಳಿ ಆಡುವ ಬ್ರೀದರ್ ಇದ್ದರೆ ಮಣ್ಣು ಕಟ್ಟಿದೆಯೇ ನೋಡಿ. ಅದು ಕಟ್ಟಿದರೆ ಬಿಸಿಯಾದ ಗಾಳಿಯ ಒತ್ತಡಕ್ಕೆ ಎಣ್ಣೆ ಸೀಲಿನಲ್ಲೇ ಹೊರಡುತ್ತದೆ. ಎಣ್ಣೆ ಗುರುತಿಗಿಂತ ಮೇಲೆ ತುಂಬಿದರೂ ಇದೇ ಪಾಡು.

ಉಳುಮೆ ಮುಗಿದ ದಿನ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ಬೇರು, ನೈಲಾನ್ ದಾರ ಬಿಡಿಸಿಡಿ. ಸೀಲಿನ ತುಟಿ ಹರಿಯುವುದಕ್ಕೆ ಅಷ್ಟೇ ಸಾಕು.