ಕಂಟ್ರಿ ಹಾಡುಗಳಲ್ಲಿ ಹೆಣ್ಣು: 'ಮೊದಲಿನಿಂದಲೂ ಹೀಗೇ' ಅನ್ನೋದು ಎಷ್ಟು ನಿಜ?

ಪಿಕಪ್ ಟ್ರಕ್, ಕೈಯಲ್ಲಿ ಬಿಯರ್, ಪಕ್ಕದ ಸೀಟಿನಲ್ಲಿ ತುಂಡು ಜೀನ್ಸ್ ತೊಟ್ಟ ಹೆಸರಿಲ್ಲದ ಹುಡುಗಿ. ಅಮೆರಿಕದ ಕಂಟ್ರಿ ಹಾಡಿನ ರೀಲ್ಸ್ ನಿಮ್ಮ ಫೋನಿಗೆ ಬಂದಿದ್ದರೆ ಈ ಚಿತ್ರ ನಿಮಗೂ ಗೊತ್ತಿರುತ್ತದೆ. ಇದರ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ: "ಹಳ್ಳಿ ಹಾಡು, ಮೊದಲಿನಿಂದಲೂ ಹೀಗೇ", "ಜನರಿಗೆ ಬೇಕಿರೋದೇ ಇದು". ಎರಡನ್ನೂ ಪರಿಶೀಲಿಸೋಣ.

ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನ ಜನಪದದಿಂದ ಬೆಳೆದ, ಗಿಟಾರ್, ಬ್ಯಾಂಜೊ, ಪಿಟೀಲುಗಳ ಜೊತೆ ಕಥೆ ಹೇಳುವ ಸಂಗೀತ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅವರ ಹಿಟ್ ಹಾಡೊಂದು, ಮದುವೆ ಮುರಿದದ್ದಕ್ಕೆ ಹೆಣ್ಣನ್ನೇ ದೂರಿತ್ತು. ಅದೇ ವರ್ಷ ಕಿಟಿ ವೆಲ್ಸ್ ಹಾಡಿನಲ್ಲೇ ತಿರುಗೇಟು ಕೊಟ್ಟರು: ಹೆಂಗಸರು ದಾರಿ ತಪ್ಪುವುದರ ಹಿಂದೆ ಮೋಸ ಮಾಡಿದ ಗಂಡಸರೂ ಇದ್ದಾರಲ್ಲ? ಎನ್‌ಬಿಸಿ ರೇಡಿಯೊ ಆ ಹಾಡನ್ನು ನಿಷೇಧಿಸಿತು. ಆದರೂ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಬ್ಬಂಟಿ ಗಾಯಕಿಯೊಬ್ಬರು ಅಲ್ಲಿಗೆ ತಲುಪಿದ್ದು ಅದೇ ಮೊದಲು. 1975ರಲ್ಲಿ ಲೊರೆಟ್ಟಾ ಲಿನ್ ಗರ್ಭನಿರೋಧಕ ಮಾತ್ರೆಯ ಬಗ್ಗೆಯೇ ಹಾಡಿದರು. ಎಷ್ಟೋ ರೇಡಿಯೊ ಕೇಂದ್ರಗಳು ಬಹಿಷ್ಕರಿಸಿದರೂ ಅದು ಐದನೇ ಸ್ಥಾನ ಮುಟ್ಟಿತು.

ಹಾಗಂತ ಹಳೆಯದೆಲ್ಲ ಸಮಾನತೆಯ ಕಾಲ ಅಂತಲ್ಲ. ಗಂಡ ಏನೇ ಮಾಡಿದರೂ ಅವನ ಜೊತೆ ನಿಲ್ಲು ಎನ್ನುವ ಟ್ಯಾಮಿ ವೈನೆಟ್ ಅವರ 1968ರ ಹಾಡು ಕೂಡ ಭಾರಿ ಹಿಟ್. ಆದರೆ ಆ ಹಾಡಿನಲ್ಲೂ ಮಾತಾಡುತ್ತಿರುವುದು ಹೆಣ್ಣು. ಟ್ರಕ್ಕಿನ ಹುಡುಗಿ ಬಾಯಿ ಬಿಡುವುದೇ ಇಲ್ಲ.

ಸಂಶೋಧಕರಾದ ಎರಿಕ್ ರಾಸ್ಮುಸೆನ್ ಮತ್ತು ರೆಬೆಕಾ ಡೆನ್ಸ್ಲಿ 1990ರಿಂದ 2014ರವರೆಗಿನ 750 ಜನಪ್ರಿಯ ಕಂಟ್ರಿ ಹಾಡುಗಳ ಸಾಹಿತ್ಯವನ್ನು ವಿಶ್ಲೇಷಿಸಿದರು. (ಪ್ರತಿ ಹಾಡಿನಲ್ಲೂ ಏನೇನಿದೆ ಎಂದು ಗುರುತು ಹಾಕುತ್ತಾ ಹೋಗುವ ಕೆಲಸ ಇದು. ಎಂ.ಎ. ಓದುವಾಗ ನಾನೂ ಮಾಡಿದ್ದೇನೆ, ಐವತ್ತಕ್ಕೇ ತಲೆ ಕೆಡುತ್ತದೆ.) ಹಿಂದಿನ ದಶಕಗಳಿಗೆ ಹೋಲಿಸಿದರೆ 2010ರ ನಂತರದ ಹಾಡುಗಳಲ್ಲಿ ಹೆಣ್ಣಿನ ರೂಪ ಮತ್ತು ಮೈಗಂಟಿದ ಬಟ್ಟೆಯ ವರ್ಣನೆ ಹೆಚ್ಚಿತ್ತು. ಹೆಸರಿನ ಬದಲು ಅಡ್ಡಹೆಸರಿನಲ್ಲಿ ಕರೆಯುವುದು ಹೆಚ್ಚಿತ್ತು. ಸ್ವಂತ ಶಕ್ತಿಯಿಂದ ನಿಂತ ಹೆಣ್ಣಿನ ಚಿತ್ರ ಕಡಿಮೆಯಾಗಿತ್ತು. ಅಂದರೆ ಇದು ಅಜ್ಜನ ಕಾಲದಿಂದ ಬಂದ ಸಂಪ್ರದಾಯವಲ್ಲ, ಇತ್ತೀಚಿನ ಬೆಳವಣಿಗೆ. ಅಮೆರಿಕದ ವಿಮರ್ಶಕ ಜೋಡಿ ರೋಸೆನ್ 2013ರಲ್ಲಿ ಇದಕ್ಕೆ 'ಬ್ರೋ ಕಂಟ್ರಿ' ಎಂದು ಹೆಸರಿಟ್ಟರು. ಒಂದು ಎಚ್ಚರಿಕೆ: ಈ ಹಾಡು ಕೇಳಿ ಹುಡುಗರು ಕೆಡುತ್ತಾರೆ ಎಂದು ಈ ಅಧ್ಯಯನ ಸಾಬೀತು ಮಾಡಿಲ್ಲ. ಅದು ಎಣಿಸಿದ್ದು ಸಾಹಿತ್ಯವನ್ನು, ಕೇಳುಗರ ನಡತೆಯನ್ನಲ್ಲ.

ಇನ್ನು "ಜನರಿಗೆ ಬೇಕಿರೋದೇ ಇದು" ಎಂಬ ಮಾತು. ಕೆನಡಾದ ಸಂಶೋಧಕಿ ಜೇಡಾ ವಾಟ್ಸನ್ ಅಮೆರಿಕದ ಕಂಟ್ರಿ ರೇಡಿಯೊದ ವರ್ಷಾಂತ್ಯದ ಪಟ್ಟಿಗಳನ್ನು ನೋಡಿದಾಗ, 2000ದಲ್ಲಿ ಶೇ 33.3ರಷ್ಟಿದ್ದ ಗಾಯಕಿಯರ ಹಾಡುಗಳು 2018ಕ್ಕೆ ಶೇ 11.3ಕ್ಕೆ ಇಳಿದಿದ್ದವು. ಇಬ್ಬರು ಗಾಯಕಿಯರ ಹಾಡನ್ನು ಒಂದರ ಹಿಂದೊಂದು ಹಾಕಬಾರದೆಂಬ ಅಲಿಖಿತ ನಿಯಮ ಎಷ್ಟೋ ಕೇಂದ್ರಗಳಲ್ಲಿತ್ತು. 2015ರ ಮೇ ತಿಂಗಳಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ, ರೇಟಿಂಗ್ ಬೇಕಾದರೆ ಹೆಂಗಸರ ಹಾಡು ಕಡಿಮೆ ಮಾಡಿ ಎಂದರು. ಅವರ ಲೆಕ್ಕದಲ್ಲಿ ಗಾಯಕರು ಸಲಾಡ್‌ನ ಸೊಪ್ಪು, ಗಾಯಕಿಯರು ಮೇಲೆ ಉದುರಿಸುವ ಟೊಮೆಟೊ. ಕೇಳಿಸದೇ ಇರುವ ಹಾಡನ್ನು ಜನ ಬೇಕು ಅನ್ನುವುದಾದರೂ ಹೇಗೆ?

ಅಂದಹಾಗೆ, 2014ರಲ್ಲಿ ಮ್ಯಾಡಿ ಮತ್ತು ಟೇ ಎಂಬ ಇಬ್ಬರು ಹದಿಹರೆಯದ ಹುಡುಗಿಯರು ಆ ಟ್ರಕ್ಕಿನ ಹುಡುಗಿಯ ದನಿಯಲ್ಲೇ, ಬ್ರೋ ಕಂಟ್ರಿಯನ್ನು ಗೇಲಿ ಮಾಡುತ್ತಾ ಒಂದು ಹಾಡು ತಂದಿದ್ದರು. ಆ ಡಿಸೆಂಬರ್‌ನಲ್ಲಿ ಅದು ಬಿಲ್‌ಬೋರ್ಡ್‌ನ ಕಂಟ್ರಿ ರೇಡಿಯೊ ಪಟ್ಟಿಯಲ್ಲಿ ನಂಬರ್ 1 ಆಯಿತು. ಟೊಮೆಟೊ ಮಾತು ಬಂದದ್ದು ಅದಾದ ಐದಾರು ತಿಂಗಳಿಗೆ.